ನಾಲ್ಕು ಬಸಿರು, ನಾಲ್ಕು ಪ್ಯಾಕೇಜ್: ಸಣ್ಣ ನಾಯಿಗಳ ಬ್ರೀಡಿಂಗ್‌ಗೆ ಡಾಕ್ಟರ್ ಖರ್ಚು ಎಷ್ಟಾಯಿತು

ಆರು ವರ್ಷದಿಂದ ಒಂದೇ ಪಶುವೈದ್ಯ ಕ್ಲಿನಿಕ್‌ನ 'ಬ್ರೀಡಿಂಗ್ ಪ್ಯಾಕೇಜ್' ಬಳಸುತ್ತಿದ್ದೇನೆ. ಒಂದು ಬಸಿರಿಗೆ ಒಂದು ಪ್ಯಾಕೇಜ್. ಇಲ್ಲಿಯವರೆಗೆ ನಾಲ್ಕು ತಗೊಂಡಿದ್ದೇನೆ, ಎರಡು ಗುಬ್ಬಿಗೆ, ಎರಡು ಮಿಣಿಗೆ. ಗುಬ್ಬಿ ಪೊಮೆರೇನಿಯನ್. ಮಿಣಿ ಚಿವಾವಾ, ಹೊಟ್ಟೆ ತುಂಬಿದಾಗ ತೂಗಿದರೂ ಎರಡೂವರೆ ಕೆಜಿ ದಾಟಲ್ಲ. ಕ್ಲಿನಿಕ್ ಹೆಸರು ಬರೆಯಲ್ಲ. ಹಣದ ಅಂಕಿಯನ್ನೂ ಬರೆಯಲ್ಲ, ಅದು ಒಂದೊಂದು ಕಡೆ ಒಂದೊಂದು ಥರ. ಒಂದು ಪ್ಯಾಕೇಜಿನ ಶುಲ್ಕ 100 ಅಂತ ಇಟ್ಟುಕೊಳ್ಳಿ, ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಹೇಳುತ್ತೇನೆ.

ಆ 100ರಲ್ಲಿ ಏನೇನು ಸಿಗುತ್ತದೆ? ಕ್ರಾಸ್ ಮಾಡಿಸೋದಕ್ಕೆ ಮುಂಚೆ ಹೆಣ್ಣು ನಾಯಿಯ ಪೂರ್ತಿ ತಪಾಸಣೆ: ಮಂಡಿ, ಕಣ್ಣು, ಹೃದಯ, ಬ್ರೂಸೆಲ್ಲಾ ಸೋಂಕಿನ ರಕ್ತ ಪರೀಕ್ಷೆ. ಬೆದೆಗೆ ಬಂದಾಗ ಮೂರು ಪ್ರೊಜೆಸ್ಟರೋನ್ ಪರೀಕ್ಷೆ (ಅಂಡ ಬಿಡುಗಡೆ ಯಾವಾಗ ಅಂತ ತಿಳಿಸುವ ಹಾರ್ಮೋನ್). ಒಂದು ಸ್ಕ್ಯಾನಿಂಗ್, ಒಂದು ಎಕ್ಸ್‌ರೇ. ಮರಿ ಹಾಕಿದ 7 ದಿನದೊಳಗೆ ತಾಯಿಗೆ ಒಂದು ಚೆಕಪ್. ಕ್ಲಿನಿಕ್ ತೆರೆದಿರುವ ಹೊತ್ತಿನಲ್ಲಿ ಫೋನ್‌ನಲ್ಲಿ ಸಲಹೆ. ಈ ಕೊನೆಯ ಸಾಲನ್ನು ಸಹಿ ಹಾಕುವಾಗ ನಾನು ಸರಿಯಾಗಿ ಓದಿರಲಿಲ್ಲ.

ಮೊದಲು ಒಳ್ಳೆಯ ಮಾತು. ನಾನು ತಂದಿದ್ದು ಗುಬ್ಬಿಯನ್ನು ಮಾತ್ರ ಅಲ್ಲ, ಅವಳ ಅಕ್ಕ ಚಿನ್ನಿಯನ್ನೂ. ಇಬ್ಬರಿಂದಲೂ ಮರಿ ತೆಗೆಯಬೇಕು ಅಂತ ಲೆಕ್ಕ ಹಾಕಿದ್ದೆ. ತಪಾಸಣೆ ದಿನ ಡಾಕ್ಟರ್ ಚಿನ್ನಿಯ ಹಿಂಗಾಲನ್ನು ನೆಟ್ಟಗೆ ಹಿಡಿದು ಹೆಬ್ಬೆರಳಿನಿಂದ ಮಂಡಿಚಿಪ್ಪನ್ನು ಮೆತ್ತಗೆ ಒಳಕ್ಕೆ ಒತ್ತಿದರು. ಟಕ್ ಅಂತ ಪಕ್ಕಕ್ಕೆ ಜಾರಿತು. ಬೆರಳು ತೆಗೆದರೆ ವಾಪಸ್ ಬರಲಿಲ್ಲ, ಅವರೇ ತಳ್ಳಿ ಕೂರಿಸಿದರು. ನನ್ನ ಬೆರಳನ್ನೂ ಅಲ್ಲಿಟ್ಟು ತೋರಿಸಿದರು. ಮಂಡಿಚಿಪ್ಪು ಜಾರುವುದನ್ನು 1ರಿಂದ 4ರವರೆಗೆ ಗ್ರೇಡ್ ಮಾಡುತ್ತಾರೆ, ಇವಳದು 2. "ಇವಳಿಂದ ಮರಿ ತೆಗೀಬೇಡಿ, ಇದು ಮರಿಗಳಿಗೂ ಬರಬಹುದು" ಅಂದರು. ನನಗೆ ಸಿಟ್ಟು ಬಂದಿತ್ತು. ಆಡಿಕೊಂಡು ಓಡಿಕೊಂಡು ಇದ್ದ ನಾಯಿ, ಅಲ್ವಾ? ಆಗೊಮ್ಮೆ ಈಗೊಮ್ಮೆ ಒಂದು ಕಾಲೆತ್ತಿ ಕುಪ್ಪಳಿಸುತ್ತಿದ್ದಳು, ಅದನ್ನು ನಾವು ಮುದ್ದು ಅಂದುಕೊಂಡಿದ್ದೆವು. ಹಾಗೆ ಹೇಳಿದ್ದರಿಂದ ಕ್ಲಿನಿಕ್‌ಗೆ ಕನಿಷ್ಠ ಎರಡು ಪ್ಯಾಕೇಜಿನ ದುಡ್ಡು ತಪ್ಪಿತು. ಆದರೂ ಹೇಳಿದರು. ಇಂಥ ತಪಾಸಣೆ ಇಲ್ಲದ ಪ್ಯಾಕೇಜ್ ಎಷ್ಟು ಅಗ್ಗಕ್ಕೆ ಸಿಕ್ಕರೂ ತಗೊಳ್ಳಬೇಡಿ.

ಬ್ರೂಸೆಲ್ಲಾ ಪರೀಕ್ಷೆ ಬಗ್ಗೆ ಒಂದು ತಕರಾರಿದೆ. ಹೆಣ್ಣಿಗೆ ಮಾತ್ರ ಪ್ಯಾಕೇಜಿನಲ್ಲಿ ಬರುತ್ತದೆ. ಈ ಸೋಂಕು ಗಂಡಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಗಂಡಿಗೆ ಎರಡೂ ಕಡೆ ಹರಡುತ್ತದೆ. ಬಸಿರು ಇಳಿದುಹೋಗುತ್ತದೆ, ಮನುಷ್ಯರಿಗೂ ಬರಬಹುದು. ಗಂಡು ನಾಯಿಯ ಮಾಲೀಕರು ತಮ್ಮ ಕೈಯಿಂದ ಮಾಡಿಸುವುದು ಕಮ್ಮಿ. ಪ್ರತಿ ಸಲ ಆ ಖರ್ಚೂ ನನ್ನದೇ, ಒಂದು ಸಲಕ್ಕೆ 12.

ಪ್ರೊಜೆಸ್ಟರೋನ್ ಪರೀಕ್ಷೆ ಬರೀ ದುಡ್ಡು ಕೀಳುವ ದಾರಿ ಅಂತ ನಾನೂ ಅಂದುಕೊಂಡಿದ್ದೆ. ಹಾಗಾಗಿ ಗುಬ್ಬಿಯ ಮೊದಲ ಪ್ರಯತ್ನಕ್ಕೆ ಪ್ಯಾಕೇಜೇ ತಗೊಳ್ಳಲಿಲ್ಲ. ರಕ್ತ ಕಂಡ ದಿನದಿಂದ ಎಣಿಸಿ 11ನೇ ದಿನ ಒಮ್ಮೆ, 13ನೇ ದಿನ ಒಮ್ಮೆ ಕ್ರಾಸ್ ಮಾಡಿಸಿದೆ. ಏನೂ ನಿಲ್ಲಲಿಲ್ಲ. ಇನ್ನೊಂದು ಬೆದೆಗೆ ಸುಮಾರು ಏಳು ತಿಂಗಳು ಕಾದು ಕೂತೆ. ಆಮೇಲೆ ಪ್ಯಾಕೇಜ್ ತಗೊಂಡು ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಅವಳಿಗೆ ಅಂಡ ಬಿಡುಗಡೆ ಆಗೋದೇ 16ನೇ ದಿನದ ಹತ್ತಿರ. ಪ್ರೊಜೆಸ್ಟರೋನ್ 2 ನ್ಯಾನೋಗ್ರಾಂ ಹತ್ತಿರ ಬಂದರೆ ಇನ್ನೆರಡು ದಿನ ಇದೆ ಅಂತ ಅರ್ಥ, 5ರ ಆಸುಪಾಸಿಗೆ ಬಂದರೆ ಅಂಡ ಬಿಡುಗಡೆ ಆಗುತ್ತಿದೆ ಅಂತ. ಅದಾದ ಮೇಲೂ ಅಂಡ ಬಲಿಯೋಕೆ ಎರಡು ದಿನ ಬೇಕು. ಕ್ಯಾಲೆಂಡರ್ ನೋಡಿ ಇದೆಲ್ಲ ಹೇಳಲಾಗದು.

ಪ್ಯಾಕೇಜಿನಲ್ಲಿರುವುದು ಮೂರು ಪರೀಕ್ಷೆ. ಗುಬ್ಬಿಗೆ ಎರಡು ಸಲವೂ ಐದೈದು ಬೇಕಾಯಿತು. ಹೆಚ್ಚಿನ ಒಂದೊಂದಕ್ಕೂ 10. ಈ ಪರೀಕ್ಷೆಯಿಂದ ಇನ್ನೂ ಒಂದು ಲಾಭ ಇದೆ, ಅದನ್ನು ಕ್ಲಿನಿಕ್‌ನವರು ಯಾಕೋ ಜೋರಾಗಿ ಹೇಳಲ್ಲ. ಕ್ರಾಸ್ ಆದ ದಿನದಿಂದ ಎಣಿಸಿದರೆ ಹೆರಿಗೆ 58ರಿಂದ 72 ದಿನದೊಳಗೆ ಯಾವಾಗ ಬೇಕಾದರೂ ಆಗಬಹುದು. ಅಂಡ ಬಿಡುಗಡೆ ಆದ ದಿನ ಗೊತ್ತಿದ್ದರೆ 63, ಒಂದು ದಿನ ಆಚೀಚೆ. ಸಣ್ಣ ತಳಿಗೆ ಸಿಸೇರಿಯನ್ ಬೇಕಾದಾಗ ಈ ದಿನಾಂಕ ಇಲ್ಲದಿದ್ದರೆ ಕತ್ತಲಲ್ಲಿ ತಡಕಾಡಿದ ಹಾಗೆ.

ಈಗ ಮಿಣಿಯ ಕಥೆ.

28ನೇ ದಿನದ ಸ್ಕ್ಯಾನಿಂಗ್‌ನಲ್ಲಿ ಒಂದು ಮರಿ ಕಂಡಿತ್ತು. ಸ್ಕ್ಯಾನಿಂಗ್‌ನಲ್ಲಿ ಜೀವ ಇದೆಯಾ ಅಂತ ನೋಡಬಹುದು, ಲೆಕ್ಕ ತಪ್ಪಬಹುದು. ಸರಿಯಾದ ಲೆಕ್ಕಕ್ಕೆ 55 ದಿನ ಕಳೆದ ಮೇಲೆ ಎಕ್ಸ್‌ರೇ ಆಗಬೇಕು, ಆಗ ಮರಿಗಳ ಮೂಳೆ ಗಟ್ಟಿಯಾಗಿ ಚೆನ್ನಾಗಿ ಕಾಣುತ್ತದೆ. 57ನೇ ದಿನ ತೆಗೆದರು. ಒಂದೇ ಒಂದು ಬೆನ್ನೆಲುಬು, ಒಂದೇ ತಲೆ. ಆ ತಲೆ ದಪ್ಪ. ಡಾಕ್ಟರ್ ಸ್ಕೇಲ್ ಇಟ್ಟು ತಲೆಯ ಅಗಲವನ್ನೂ ಮಿಣಿಯ ಸೊಂಟದ ಮೂಳೆಯ ದಾರಿಯನ್ನೂ ಅಳೆದು, ಏನೂ ಮಾತಾಡದೆ ನನ್ನ ಮುಖ ನೋಡಿದರು.

ಒಂದೇ ಮರಿ ಇದ್ದರೆ ಸುಲಭ ಅನ್ನಿಸುತ್ತದೆ. ಉಲ್ಟಾ. ಹೆರಿಗೆ ಶುರು ಮಾಡುವ ಸೂಚನೆ ಹೋಗಬೇಕಾದ್ದು ಮರಿಗಳ ಕಡೆಯಿಂದ. ಒಂದೇ ಮರಿಯ ಸೂಚನೆ ಸಾಲದೆ ಹೋಗಬಹುದು. ಜಾಗ ಜಾಸ್ತಿ ಇರುವುದರಿಂದ ಆ ಮರಿ ಬೆಳೆಯುತ್ತಲೇ ಇರುತ್ತದೆ. ಮೊದಲೇ ದಿನ ನಿಗದಿ ಮಾಡಿ ಸಿಸೇರಿಯನ್ ಮಾಡೋಣ ಅಂತ ಡಾಕ್ಟರ್ ಹೇಳಿದರು, ಅದಕ್ಕೆ 120. ಪ್ಯಾಕೇಜಿಗಿಂತ ಜಾಸ್ತಿ! ನೋಡೋಣ, ತಾನಾಗೇ ಆಗಬಹುದು ಅಂದೆ. ತಪ್ಪು ನನ್ನದೇ.

ದಿನಕ್ಕೆ ಮೂರು ಸಲ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳುತ್ತಿದ್ದೆ. ಹೆರಿಗೆಗೆ 12ರಿಂದ 24 ಗಂಟೆ ಮುಂಚೆ ಮೈ ಬಿಸಿ 99 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯುತ್ತದೆ. ಇಳಿಯಲೇ ಇಲ್ಲ, ಅಥವಾ ಇಳಿದದ್ದು ನನ್ನ ಕಣ್ತಪ್ಪಿತು. 64ನೇ ದಿನ ರಾತ್ರಿ ಹನ್ನೊಂದರ ಹೊತ್ತಿಗೆ ಹಾಸಿದ್ದ ಬಿಳಿ ಟವೆಲ್ ಮೇಲೆ ಕಡು ಹಸಿರು ಕಲೆ. ಮರಿ ಹೊರಗೆ ಬರುವ ಮುಂಚೆಯೇ ಹಸಿರು ಕಂಡರೆ ಕಸ, ಅಂದರೆ ಮಾಸು, ಗರ್ಭದಿಂದ ಬಿಡಿಸಿಕೊಳ್ಳುತ್ತಿದೆ ಅಂತ ಅರ್ಥ, ಕಾಯೋ ಹಾಗಿಲ್ಲ. ಕ್ಲಿನಿಕ್‌ಗೆ ಫೋನ್ ಮಾಡಿದೆ. ರೆಕಾರ್ಡ್ ಮಾಡಿಟ್ಟ ಧ್ವನಿ, ತುರ್ತು ಇದ್ದರೆ ರಾತ್ರಿ ಆಸ್ಪತ್ರೆಗೆ ಹೋಗಿ ಅಂತ.

ತಂಗಿ ಕಾರು ಓಡಿಸಿದಳು. ರಾತ್ರಿ ಆಸ್ಪತ್ರೆಯವರಿಗೆ ಮಿಣಿಯ ಎಕ್ಸ್‌ರೇ ಇಲ್ಲ, ರಕ್ತದ ರಿಪೋರ್ಟ್ ಇಲ್ಲ. ಎಲ್ಲ ಮೊದಲಿಂದ. ಸ್ಕ್ಯಾನಿಂಗ್‌ನಲ್ಲಿ ಮರಿಯ ಹೃದಯ ನಿಮಿಷಕ್ಕೆ 165 ಸಲ ಬಡಿಯುತ್ತಿತ್ತು. 200ಕ್ಕಿಂತ ಮೇಲಿರಬೇಕು, 180ಕ್ಕಿಂತ ಕೆಳಗೆ ಇಳಿದರೆ ಮರಿ ಕಷ್ಟದಲ್ಲಿದೆ ಅಂತ. ಹೆರಿಗೆ ನೋವಿನ ಇಂಜೆಕ್ಷನ್ ಕೊಡಬಾರದಾ ಅಂತ ಕೇಳಿದೆ. ದಾರಿಯೇ ಸಾಲದ ಕಡೆ ತಳ್ಳಿದರೆ ಗರ್ಭ ಹರಿದೀತು ಅಂದರು. ಸೀದಾ ಆಪರೇಷನ್.

ಬಾಗಿಲಿನ ಗಾಜಿನಿಂದ ನೋಡಿದೆ. ಒಬ್ಬ ಹುಡುಗಿ ಅಂಗೈಯಷ್ಟಿದ್ದ ಮರಿಯನ್ನು ಟವೆಲ್‌ನಲ್ಲಿ ಸುತ್ತಿ, ಮೂಗಿನ ನೀರು ಹೀರಿ ತೆಗೆದು, ಬೆನ್ನನ್ನು ಉಜ್ಜುತ್ತಲೇ ಇದ್ದಳು. ಉಜ್ಜುತ್ತಾಳೆ, ನಿಲ್ಲಿಸಿ ನೋಡುತ್ತಾಳೆ, ಮತ್ತೆ ಉಜ್ಜುತ್ತಾಳೆ. ಆರೇಳು ನಿಮಿಷ ಆಗಿರಬೇಕು. ಆಮೇಲೆ ಕೇಳಿದ್ದು ಇಲಿ ಕೀಚಿದಂಥ ಒಂದು ಸದ್ದು. 168 ಗ್ರಾಂ. ಬಿಲ್ 260. ಎರಡೂವರೆ ಪ್ಯಾಕೇಜಿಗಿಂತ ಜಾಸ್ತಿ, ಒಂದೇ ಮರಿಗೆ.

ಎರಡನೇ ಸಲ ಮಿಣಿಗೆ ಎರಡು ಮರಿ. ಈ ಸಲ ನಾನು ಮಾತಾಡದೆ 120 ಕಟ್ಟಿ ಹಗಲಲ್ಲೇ ಮಾಡಿಸಿದೆ. ಆ ದಿನ ಬೆಳಿಗ್ಗೆ ಮತ್ತೊಮ್ಮೆ ಪ್ರೊಜೆಸ್ಟರೋನ್ ನೋಡಿದರು, 2ಕ್ಕಿಂತ ಕೆಳಗಿಳಿದ ಮೇಲೇ ಕತ್ತರಿ ಹಿಡಿದರು, ಮರಿಗಳು ಬಲಿತಿವೆ ಅಂತ ಖಾತ್ರಿ ಆಗಬೇಕಲ್ಲ. ಅದೇ ಆಪರೇಷನ್‌ನಲ್ಲಿ ಸಂತಾನಹರಣವನ್ನೂ ಮಾಡಿದರು, ಅದಕ್ಕೆ 30 ಹೆಚ್ಚಿಗೆ. ಮೂರನೇ ಸಿಸೇರಿಯನ್ ಬೇಡ ಅನ್ನುವುದರಲ್ಲಿ ಡಾಕ್ಟರ್‌ಗೂ ನನಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಪ್ಯಾಕೇಜಿನ ದೊಡ್ಡ ಹುಳುಕು ಇರುವುದು ಹೆರಿಗೆ ಆದ ಮೇಲೆ. 7 ದಿನಕ್ಕೆ ಅವರ ಜವಾಬ್ದಾರಿ ಮುಗಿಯುತ್ತದೆ. ಸಣ್ಣ ನಾಯಿಗಳನ್ನು ಜಾಸ್ತಿ ಕಾಡುವ ಹಾಲುಜ್ವರ (ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವುದು) ಸಾಮಾನ್ಯವಾಗಿ ಬರುವುದೇ ಅದಾದ ಮೇಲೆ, ಹಾಲು ಉಕ್ಕುವ ಎರಡನೇ, ಮೂರನೇ, ನಾಲ್ಕನೇ ವಾರದಲ್ಲಿ. ಗುಬ್ಬಿಗೆ ಎರಡನೇ ಸಲ ನಾಲ್ಕು ಮರಿ. 18ನೇ ದಿನ ಸಂಜೆ ಸುಮ್ನೆ ಏದುಸಿರು ಬಿಡುತ್ತಾ ಓಡಾಡುತ್ತಿದ್ದಳು. ಸೆಖೆ ಇರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಕಾಲು ಕೋಲಿನ ಹಾಗೆ ಸೆಟೆದು ನಡೆಯತೊಡಗಿದಳು, ಮುಖದ ಸ್ನಾಯು ಅದುರುತ್ತಿತ್ತು. ಪುಣ್ಯಕ್ಕೆ ಕ್ಲಿನಿಕ್ ಇನ್ನೂ ಮುಚ್ಚಿರಲಿಲ್ಲ. ಡಾಕ್ಟರ್ ಒಂದು ಕೈಯಲ್ಲಿ ಕ್ಯಾಲ್ಸಿಯಂ ಸಿರಿಂಜ್ ಹಿಡಿದು, ಸ್ಟೆತಸ್ಕೋಪ್ ಅವಳ ಎದೆ ಮೇಲಿಟ್ಟುಕೊಂಡೇ ಹನಿಹನಿಯಾಗಿ ಏರಿಸಿದರು. ಬೇಗ ಏರಿಸಿದರೆ ಹೃದಯವೇ ನಿಲ್ಲಬಹುದಂತೆ. ಇಪ್ಪತ್ತು ನಿಮಿಷದಲ್ಲಿ ನಡುಕ ನಿಂತಿತು. 45.

ಆಮೇಲೆ ಕೇಳಿದರು, ಬಸಿರಿದ್ದಾಗ ಕ್ಯಾಲ್ಸಿಯಂ ಕೊಟ್ಟಿದ್ರಾ ಅಂತ. ಕೊಟ್ಟಿದ್ದೆ, ಒಳ್ಳೆಯದಾಗಲಿ ಅಂತ ದಿನಕ್ಕೊಂದು ಮಾತ್ರೆ. ಮೊದಲೇ ಹೊರಗಿನಿಂದ ಬರುತ್ತಿದ್ದರೆ ಮೈ ತನ್ನ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವುದನ್ನೇ ನಿಧಾನ ಮಾಡಿಬಿಡುತ್ತದೆ, ಹಾಲು ಜೋರಾದಾಗ ಕೈಕೊಡುತ್ತದೆ. ಇದನ್ನು 28ನೇ ದಿನದ ಸ್ಕ್ಯಾನಿಂಗ್ ಹೊತ್ತಿಗೇ ಒಂದು ಮಾತಲ್ಲಿ ಹೇಳಬಹುದಿತ್ತು. ಅವರು ಕೊಡುವ ಎಂಟು ಪುಟದ ಕೈಪಿಡಿಯಲ್ಲಿ ಇದರ ಸುದ್ದಿಯೇ ಇರಲಿಲ್ಲ. ಅವತ್ತಿನಿಂದ ಒಂದು ದಿನ ಪೂರ್ತಿ ಮರಿಗಳನ್ನು ತಾಯಿಯಿಂದ ದೂರ ಇಟ್ಟು, ಮೂರು ಗಂಟೆಗೊಮ್ಮೆ ಬಾಟಲಿ ಹಾಲು ಕೊಟ್ಟೆ. ನಿದ್ದೆಗೆ ಬಿಲ್ ಹಾಕೋಕಾಗಲ್ಲ, ಇಲ್ಲದಿದ್ದರೆ ಅದೂ ಒಂದು ಸಾಲು ಆಗುತ್ತಿತ್ತು.

ಅದೇ ಕೈಪಿಡಿಯ ಬಗ್ಗೆ ಇನ್ನೊಂದು ದೂರು, ಬರೆಯೋಕೆ ಕಷ್ಟ. ಗುಬ್ಬಿಯ ಮೊದಲ ಮೂರು ಮರಿಗಳಲ್ಲಿ ಒಂದು ಉಳಿಯಲಿಲ್ಲ. ಹುಟ್ಟಿದಾಗ 96 ಗ್ರಾಂ, ಮಾರನೇ ದಿನ 91, ಅದರ ಮಾರನೇ ದಿನ 84. ತೂಕ ಬರೆಯೋಕೆ ಚಂದದ ಚಾರ್ಟ್ ಕೊಟ್ಟಿದ್ದರು, ಇಳಿದರೆ ಏನು ಮಾಡಬೇಕು ಅಂತ ಬರೆದಿರಲಿಲ್ಲ. ಮರಿ ಮುಟ್ಟಿದರೆ ತಣ್ಣಗಿತ್ತು. ಹಸಿವಿರಬೇಕು ಅಂತ ನಾನು ಹಾಲು ಕುಡಿಸಿದೆ. ಹುಟ್ಟಿದ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳೋ ಶಕ್ತಿ ಇರಲ್ಲ. ಮೈ ಬಿಸಿ 94 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿದ್ದರೆ ಕರುಳು ಕೆಲಸ ಮಾಡಲ್ಲ, ಕುಡಿಸಿದ ಹಾಲು ಹಾಗೇ ಕೂರುತ್ತದೆ. ಮೊದಲು ನಿಧಾನವಾಗಿ ಬೆಚ್ಚಗೆ ಮಾಡಬೇಕು, ಹಾಲು ಆಮೇಲೆ. ಇದನ್ನು ನಾನು ತಿಳಿದದ್ದು 15 ಕಟ್ಟಿದ ಮೇಲೆ, ಮರಿ ಹೋದ ಮೇಲೆ. ಈಗಿನ ಕೈಪಿಡಿಯಲ್ಲಿ ಈ ಮಾತು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿದೆ. ನಾನು ಜಗಳ ಆಡಿದ್ದಕ್ಕೋ ಬೇರೆ ಯಾರಾದರೂ ಆಡಿದ್ದಕ್ಕೋ, ಒಟ್ಟಿನಲ್ಲಿ ಸೇರಿಸಿದ್ದಾರೆ.

ಮರಿಗಳ ಜಂತುಹುಳದ ಔಷಧಿ, ಮೊದಲ ಲಸಿಕೆ, ಮೈಕ್ರೋಚಿಪ್ ಪ್ಯಾಕೇಜಿಗೆ ಸೇರಲ್ಲ. ತಲೆಗೆ 18ರಂತೆ ಒಂಬತ್ತು ಮರಿಗೆ 162. ಹುಳ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮರಿಗೆ ದಾಟುತ್ತದೆ, ಹಾಗಾಗಿ ಎರಡನೇ ವಾರದಿಂದಲೇ ಔಷಧಿ ಶುರು, ಬಿಡೋ ಹಾಗಿಲ್ಲ. ಇನ್ಶೂರೆನ್ಸ್ ಇದೆಯಲ್ಲ ಅನ್ನಬೇಡಿ. ನನ್ನ ಪಾಲಿಸಿಯಲ್ಲಿ ಬಸಿರು, ಹೆರಿಗೆ, ಬ್ರೀಡಿಂಗ್‌ಗೆ ಸಂಬಂಧಪಟ್ಟ ಏನನ್ನೂ ಕೊಡಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಅದನ್ನೂ ನಾನು ಓದಿದ್ದು ಆ 260ರ ಬಿಲ್ ಕಳಿಸಿದ ಮೇಲೆ.

ನೋಟ್‌ಬುಕ್ ಕೂಡಿಸಿದರೆ ಹೀಗಿದೆ. ನಾಲ್ಕು ಪ್ಯಾಕೇಜಿಗೆ 400. ಹೆಚ್ಚಿನ ಹಾರ್ಮೋನ್ ಪರೀಕ್ಷೆ ಒಟ್ಟು ಏಳು, ಗಂಡು ನಾಯಿಗಳ ಪರೀಕ್ಷೆ ನಾಲ್ಕು, ಎರಡು ಸಿಸೇರಿಯನ್, ಹಾಲುಜ್ವರ, ಉಳಿಯದ ಆ ಮರಿ, ಉಳಿದ ಒಂಬತ್ತು ಮರಿಗಳ ಖರ್ಚು, ಮಿಣಿಯದು ಗುಬ್ಬಿಯದು ಎರಡೂ ಸಂತಾನಹರಣ ಸೇರಿ ಪ್ಯಾಕೇಜಿನ ಹೊರಗೆ 810. ಮೂರರಲ್ಲಿ ಎರಡು ಪಾಲು ಹೊರಗೇ. ಮರಿ ಮಾರಿದ ದುಡ್ಡಿನಲ್ಲಿ ಉಳಿತಾಯ ಆದದ್ದು ಒಂದೇ ಒಂದು ಸಲ, ಗುಬ್ಬಿಯ ನಾಲ್ಕು ಮರಿಗಳ ಸಲ. ಉಳಿದ ಮೂರು ಸಲ ಕೈಯಿಂದಲೇ ಹೋಯಿತು, ಅದೂ ನನ್ನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ.

ಐದಕ್ಕೆ ಮೂರೂವರೆ ಸ್ಟಾರ್. ಒಂದು ಕಳೆದದ್ದು ರಾತ್ರಿಯ ಆ ರೆಕಾರ್ಡ್ ಧ್ವನಿಗೆ. ರಾತ್ರಿ ಆಸ್ಪತ್ರೆಗೆ ರಿಪೋರ್ಟ್ ಕಳಿಸುವ ವ್ಯವಸ್ಥೆಯಾದರೂ ಬೇಕಿತ್ತು. ನೀವು ತಗೊಳ್ಳೋದಾದರೆ ಎಕ್ಸ್‌ರೇ, ರಕ್ತದ ರಿಪೋರ್ಟ್ ಎಲ್ಲದರ ಪ್ರತಿ ಅವತ್ತಿನ ದಿನವೇ ಕೇಳಿ ಫೋನ್‌ನಲ್ಲಿ ಇಟ್ಟುಕೊಳ್ಳಿ. ಅರ್ಧ ಕಳೆದದ್ದು ಆ 7 ದಿನದ ಗಡುವಿಗೆ. ಕಳೆದ ಸಲ ಅದನ್ನು 14 ಮಾಡಿದ್ದಾರೆ, ಗುಬ್ಬಿಗೆ ನಡುಕ ಬಂದದ್ದು 18ನೇ ದಿನ ಅಂತ ನೆನಪಿಸಿ ಬಂದಿದ್ದೇನೆ.

ಈ ವರ್ಷ ಬ್ರೀಡಿಂಗ್ ಪ್ಯಾಕೇಜ್ ಇಲ್ಲ, ಮೂವರಿಗೂ ಮಾಮೂಲಿ ಚೆಕಪ್ ಅಷ್ಟೇ. ಚಿನ್ನಿ ಕಾಲೆತ್ತಿ ಕುಪ್ಪಳಿಸುವುದು ಈಗ ಜಾಸ್ತಿಯಾಗಿದೆ. ಮಂಡಿ ಆಪರೇಷನ್‌ಗೆ ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ. ಒಂದು ಕಾಲಿಗೆ 150 ಆಗುತ್ತದಂತೆ. ಇನ್ನೊಂದು ಕಾಲನ್ನು ಆಮೇಲೆ ನೋಡೋಣ ಅಂದಿದ್ದಾರೆ.