ಬಾಡಿಗೆಯ ಸಿಡಿಎನ್ ಸೇವೆ: ನವೀಕರಿಸಬೇಕೇ, ಸ್ವಂತ ಜಾಲ ಕಟ್ಟಬೇಕೇ?

ಬೆಂಗಳೂರಿನಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠದ ವಿಡಿಯೊಗಳನ್ನು ಒದಗಿಸುವ ನಮ್ಮ ಸಣ್ಣ ಸಂಸ್ಥೆ ಹೊರಗಿನ ಕಂಪನಿಯೊಂದರ ಸಿಡಿಎನ್ ಸೇವೆಯನ್ನು, ಅಂದರೆ ವಿಡಿಯೊಗಳ ಪ್ರತಿಗಳನ್ನು ನೋಡುಗರಿಗೆ ಹತ್ತಿರದ ಸರ್ವರ್‌ಗಳಲ್ಲಿಟ್ಟು ಅಲ್ಲಿಂದಲೇ ತಲುಪಿಸುವ ಜಾಲವನ್ನು, ಬಾಡಿಗೆಗೆ ಪಡೆದಿದೆ. ಒಪ್ಪಂದ ನವೀಕರಿಸುವ ಹೊತ್ತಿಗೆ, ತಿಂಗಳ ಬಿಲ್ ನೋಡಿದವರೆಲ್ಲ ಸ್ವಂತ ಜಾಲವನ್ನೇ ಕಟ್ಟೋಣವೆನ್ನತೊಡಗಿದ್ದರಿಂದ, ಸೇವೆಯ ಗುಣದೋಷಗಳನ್ನು ಆ ಪ್ರಶ್ನೆಯ ಜೊತೆಗೇ ತೂಗಿ ನೋಡಬೇಕಾಯಿತು.

ಸೇವೆಯ ದೊಡ್ಡ ಗುಣ ಪರೀಕ್ಷೆಯ ದಿನಗಳಲ್ಲಿ ಕಾಣುತ್ತದೆ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಹಿಂದಿನ ಸಂಜೆ ರಾಜ್ಯದ ಮೂಲೆಮೂಲೆಯಿಂದ ಒಂದೇ ಪಾಠಕ್ಕೆ ಬೇಡಿಕೆ ಬಂದರೂ ಅದು ಆ ಸರ್ವರ್‌ಗಳ ಕ್ಯಾಶ್‌ನಿಂದಲೇ (ಪ್ರತಿಗಳ ತಾತ್ಕಾಲಿಕ ಸಂಗ್ರಹದಿಂದಲೇ) ಪೂರೈಕೆಯಾಗುವುದರಿಂದ ನಮ್ಮ ಮೂಲ ಸರ್ವರ್‌ಗೆ ಭಾರ ತಟ್ಟುವುದಿಲ್ಲ. ದೋಷವಿರುವುದು ಅಪರೂಪಕ್ಕೆ ನೋಡುವ ಹಳೆಯ ಪಾಠಗಳಲ್ಲಿ: ಹಲವು ಗ್ರಾಹಕರು ಹಂಚಿಕೊಂಡ ಕ್ಯಾಶ್‌ನಲ್ಲಿ ಅವು ಹೆಚ್ಚು ಕಾಲ ಉಳಿಯದೆ, ಮತ್ತೆ ಮತ್ತೆ ಮೂಲ ಸರ್ವರ್‌ನಿಂದಲೇ ಬರಬೇಕಾಗುತ್ತದೆ. ಕ್ಯಾಶ್‌ನಿಂದ ಪೂರೈಕೆಯಾಗುವ ಪಾಲು ಶೇ 95ರಿಂದ 90ಕ್ಕೆ ಇಳಿದರೆ ಅಲ್ಪ ವ್ಯತ್ಯಾಸವೆನ್ನಿಸಬಹುದು. ಮೂಲ ಸರ್ವರ್‌ಗೆ ಬರುವ ಕೋರಿಕೆಗಳು ಮಾತ್ರ ಶೇ 5ರಿಂದ 10ಕ್ಕೇರಿ ಎರಡರಷ್ಟಾಗುತ್ತವೆ. ಆ ಕ್ಯಾಶ್‌ಗಳಿಗೂ ಮೂಲ ಸರ್ವರ್‌ಗೂ ನಡುವೆ ‘ಶೀಲ್ಡ್’ ಎಂಬ ಇನ್ನೊಂದು ಕ್ಯಾಶ್ ಇರಿಸಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ, ಆದರೆ ಅದಕ್ಕೆ ಪ್ರತ್ಯೇಕ ಶುಲ್ಕ ವಿಧಿಸುವುದು ನನಗೆ ನ್ಯಾಯವೆನಿಸುವುದಿಲ್ಲ.

ಸ್ವಂತ ಜಾಲದ ವಿಷಯಕ್ಕೆ ಬಂದರೆ, ಎಂಜಿನ್‌ಎಕ್ಸ್, ವಾರ್ನಿಶ್‌ನಂಥ ಕ್ಯಾಶ್ ನಡೆಸಬಲ್ಲ ಮುಕ್ತ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಅವನ್ನು ಹೊಂದಿಸಬಲ್ಲ ಎಂಜಿನಿಯರ್‌ಗಳಿಗೂ ಈ ಊರಿನಲ್ಲಿ ಬರವಿಲ್ಲ. ಕಷ್ಟ ಶುರುವಾಗುವುದು ಅದರಾಚೆ: ಐಪಿ ವಿಳಾಸ ಹಾಗೂ ಇಂಟರ್‌ನೆಟ್‌ನಲ್ಲಿ ನಮ್ಮ ಜಾಲವನ್ನು ಗುರುತಿಸುವ ಎಎಸ್ ಸಂಖ್ಯೆ ಪಡೆಯಬೇಕು, ದೇಶದೊಳಗಿನ ಜಾಲಗಳು ಪರಸ್ಪರ ಕೂಡುವ ನಿಕ್ಸಿಯ ಬೆಂಗಳೂರು ಎಕ್ಸ್‌ಚೇಂಜ್‌ಗೆ ಸಂಪರ್ಕ ಹಾಕಿಸಬೇಕು, ಒಂದೊಂದು ಇಂಟರ್‌ನೆಟ್ ಕಂಪನಿಯೊಡನೆಯೂ ಪೀರಿಂಗ್ (ದತ್ತಾಂಶದ ನೇರ ವಿನಿಮಯ) ಮಾತುಕತೆ ನಡೆಸಬೇಕು, ಸುಳ್ಳು ಕೋರಿಕೆಗಳ ಮಹಾಪೂರ ಹರಿಸುವ ಡಿಡಾಸ್ ದಾಳಿಯನ್ನು ತಾಳಿಕೊಳ್ಳುವಷ್ಟು ಬ್ಯಾಂಡ್‌ವಿಡ್ತ್ ಸದಾ ಮಿಗಿಸಿಟ್ಟಿರಬೇಕು. ನೆಟ್‌ಫ್ಲಿಕ್ಸ್ 2012ರಲ್ಲಿ ಓಪನ್ ಕನೆಕ್ಟ್ ಎಂಬ ತನ್ನದೇ ಜಾಲವನ್ನು ಪ್ರಕಟಿಸಿ, ಕ್ಯಾಶ್ ಪೆಟ್ಟಿಗೆಗಳನ್ನು ಇಂಟರ್‌ನೆಟ್ ಕಂಪನಿಗಳಿಗೆ ಉಚಿತವಾಗಿ ಕೊಟ್ಟದ್ದನ್ನು ಉದಾಹರಿಸುವವರಿದ್ದಾರೆ. ನೆಟ್‌ಫ್ಲಿಕ್ಸ್ ದತ್ತಾಂಶ ಅಗಾಧವಾಗಿದ್ದು, ಅದನ್ನು ಹೊರಗಿನಿಂದ ತರಿಸುವ ವೆಚ್ಚ ಉಳಿಯುವುದರಿಂದಲೇ ಆ ಕಂಪನಿಗಳು ಪೆಟ್ಟಿಗೆಗೆ ಜಾಗ ಕೊಡುತ್ತವೆ. ನಮ್ಮ ಪಾಠಗಳಿಗಾಗಿ ಯಾರೂ ಹಾಗೆ ರ‍್ಯಾಕ್ ಬಿಟ್ಟುಕೊಡುವುದಿಲ್ಲ.

ಆದ್ದರಿಂದ ನಮ್ಮ ಗಾತ್ರದ ಸಂಸ್ಥೆಗಳಿಗೆ ಬಾಡಿಗೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಡೊಮೇನ್ ಹೆಸರು, ಆ ಹೆಸರನ್ನು ಸರ್ವರ್ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ಮತ್ತು ಮೂಲ ವಿಡಿಯೊ ಸಂಗ್ರಹವನ್ನು ಸಿಡಿಎನ್ ಕಂಪನಿಯ ವಶಕ್ಕೆ ಒಪ್ಪಿಸಲೇಬಾರದು. 2021ರ ಜೂನ್ 8ರಂದು ಫಾಸ್ಟ್ಲಿ ಎಂಬ ಸಿಡಿಎನ್ ಕಂಪನಿಯ ಜಾಲ ಕೈಕೊಟ್ಟು ಜಗತ್ತಿನ ಹಲವು ದೊಡ್ಡ ಜಾಲತಾಣಗಳು ಸಿಗದೆ ಹೋದವು. ಅಂಥ ಗಳಿಗೆಯಲ್ಲಿ ಡಿಎನ್‌ಎಸ್ ನಮ್ಮ ಕೈಯಲ್ಲಿದ್ದು, ಎರಡನೆಯ ಸೇವೆ ಸಿದ್ಧವಿದ್ದರೆ ದಾರಿ ಬದಲಿಸಬಹುದು. ನಾವು ಒಂದು ವರ್ಷದ ನವೀಕರಣಕ್ಕಷ್ಟೇ ಒಪ್ಪಿದ್ದೇವೆ. ಶೀಲ್ಡ್ ಶುಲ್ಕವನ್ನು ಕೈಬಿಡುವಂತೆ ಲಿಖಿತವಾಗಿ ಕೇಳಿದ್ದೇವೆ.