ಸರ್ಫ್‌ಬೋರ್ಡ್ ಕೀಸುವ ಹಳೆಯ ಸ್ಕಿಲ್ 100 ಪ್ಲೇನರ್: ಮಂಗಳೂರಿನಲ್ಲಿ ಕೊಂಡು ಸಾಕಬಹುದೇ?

ಕೊಳ್ಳಬಹುದು. ಆದರೆ ಕಟರ್ ಡ್ರಮ್ಮೂ (ಬ್ಲೇಡು ಹೊತ್ತು ತಿರುಗುವ ಉರುಳೆ) ಮುಂದಿನ ಶೂವೂ (ಯಂತ್ರದ ಅಡಿಯ ಸಪಾಟು ತಟ್ಟೆ) ಸರಿಯಿದ್ದರೆ ಮಾತ್ರ. ಬೇರಿಂಗ್, ಬ್ರಶ್, ಸ್ವಿಚ್, ವೈಂಡಿಂಗ್ ಎಲ್ಲಕ್ಕೂ ನಮ್ಮಲ್ಲಿ ದಾರಿ ಉಂಟು. ಬಿರುಕು ಬಿಟ್ಟ ಡ್ರಮ್ಮಿಗೆ ಇಲ್ಲ.

ಸ್ಕಿಲ್ 100 ಅಮೆರಿಕದ ಪ್ಲೇನರ್, ಅಂದರೆ ಕರೆಂಟಿನಲ್ಲಿ ಓಡುವ ಉಜ್ಜುಗೊರಡು; ತಯಾರಿ ನಿಂತು ಎಷ್ಟೋ ವರ್ಷಗಳಾದವು. ಬಡಗಿ ಕೆಲಸಕ್ಕೆಂದು ಬಂದದ್ದನ್ನು ಸರ್ಫ್‌ಬೋರ್ಡ್ ಕೀಸುವವರು ಇನ್ನೂ ಕೈಬಿಡದಿರುವುದು ಅದರ ಆಳದ ಲಿವರ್‌ಗಾಗಿ. ಮೋಟಾರ್ ಓಡುತ್ತಿರುವಾಗಲೇ ಮುಂದಿನ ಶೂ ಏರಿಸಿ ಇಳಿಸಬಹುದು. ಫೋಮ್ ಬ್ಲ್ಯಾಂಕಿನ (ಬೋರ್ಡ್ ಕೀಸಲು ತರುವ ಕಚ್ಚಾ ಫೋಮ್ ಗಟ್ಟಿಯ) ನಡುವೆ ಆಳ ಕೊಟ್ಟು, ತುದಿ ಬರುತ್ತಿದ್ದಂತೆ ಸೊನ್ನೆಗೆ ತಂದು, ಒಂದೇ ನಡಿಗೆಯಲ್ಲಿ ಈ ಕೊನೆಯಿಂದ ಆ ಕೊನೆಗೆ ಹೋಗಬಹುದು. ಇವತ್ತಿನ ಸಾಮಾನ್ಯ ಪ್ಲೇನರಿನಲ್ಲಿ ಇದಾಗದು: ಮಕಿಟಾ 1900ಬಿ ಗಟ್ಟಿ ಯಂತ್ರವೇ, ಆದರೆ ಅದರ ಆಳ 1 ಮಿ.ಮೀ.ಗೆ ಮುಗಿಯಿತು, ಆಳದ ನಾಬ್ ತಿರುಗಿಸಲು ಪ್ರತಿಸಲ ನಿಲ್ಲಬೇಕು. ಫೋಮಿಗೆ 3 ಮಿ.ಮೀ. ಆಳ ಬೇಕಾಗುತ್ತದೆ.

ಮೊದಲ ತೊಡಕು ಕರೆಂಟಿನದು. ಅದು 115 ವೋಲ್ಟಿನ ಯಂತ್ರ; ನಮ್ಮ 230ಕ್ಕೆ ನೇರ ಚುಚ್ಚಿದರೆ ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಸುಟ್ಟು ಹೋಗುತ್ತದೆ. ಬ್ರಶ್ ಇರುವ ಮೋಟಾರಾದ್ದರಿಂದ 60 ಹರ್ಟ್ಸ್‌ನದ್ದನ್ನು 50ರಲ್ಲಿ ಓಡಿಸಲು ಅಡ್ಡಿಯಿಲ್ಲ. ನಾಮಫಲಕದ ಆಂಪಿಯರನ್ನು 115ರಿಂದ ಗುಣಿಸಿ, ಬಂದದ್ದರ ಎರಡರಷ್ಟು ವಿಎ (ವೋಲ್ಟ್-ಆಂಪಿಯರ್) ಇರುವ ಟ್ರಾನ್ಸ್‌ಫಾರ್ಮರ್ ತನ್ನಿ. 6 ಆಂಪಿಯರ್ ಇದ್ದರೆ 690, ಅಂದರೆ 1500 ವಿಎ ಸಾಕು. ಎರಡು ವೈಂಡಿಂಗೂ ಬೇರೆ ಬೇರೆ ಇರುವ ಐಸೊಲೇಶನ್ ಟ್ರಾನ್ಸ್‌ಫಾರ್ಮರನ್ನೇ ಕೇಳಿ. ಅಗ್ಗದ ಆಟೋ ಟ್ರಾನ್ಸ್‌ಫಾರ್ಮರಿನಲ್ಲಿ ಕೆಳಗಿನ ಸುತ್ತು ಕಡಿದರೆ ಪೂರ್ತಿ 230 ವೋಲ್ಟ್ ಕೈಯಲ್ಲಿರುವ ಲೋಹದ ಮೈಗೆ ಹತ್ತಿರ ಬಂದು ನಿಲ್ಲುತ್ತದೆ. ಹಳೆಯ ಎರಡು ಎಳೆ ಕೇಬಲ್ ತೆಗೆದು ಅರ್ತ್ ಸೇರಿ ಮೂರು ಎಳೆಯದು ಹಾಕಿ. ಓಡಿಸುವ ಮೊದಲು 500 ವೋಲ್ಟ್ ಮೆಗ್ಗರಿನಲ್ಲಿ (ಇನ್ಸುಲೇಶನ್ ಅಳೆಯುವ ಮೀಟರ್) ವೈಂಡಿಂಗಿಗೂ ಮೈಗೂ ನಡುವೆ ಅಳೆಯಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಣಗಿಸಿ ಮತ್ತೆ ಅಳೆಯಿರಿ, ಆಗಲೂ ಏರದಿದ್ದರೆ ಯಂತ್ರ ಮುಟ್ಟಬೇಡಿ.

ವೈಂಡಿಂಗಿನವರು "230ಕ್ಕೇ ಕಟ್ಟಿಕೊಡುತ್ತೇವೆ" ಎನ್ನುವುದುಂಟು. ಆರ್ಮೇಚರ್, ಫೀಲ್ಡ್ (ಸುತ್ತಲೂ ನಿಂತಿರುವ ವೈಂಡಿಂಗ್) ಎರಡಕ್ಕೂ ಸುತ್ತು ದುಪ್ಪಟ್ಟು ಮಾಡಿ, ತಂತಿಯ ದಪ್ಪವನ್ನು 0.7 ಪಟ್ಟಿಗೆ ಇಳಿಸಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ಕಮ್ಯುಟೇಟರಿನ (ಬ್ರಶ್ ಒತ್ತಿ ಉಜ್ಜುವ ತಾಮ್ರದ ಉರುಳೆ) ಪಟ್ಟಿಗಳ ಸಂಖ್ಯೆ ಹಳೆಯದೇ ಉಳಿಯುವುದರಿಂದ ಪಕ್ಕಪಕ್ಕದ ಪಟ್ಟಿಗಳ ನಡುವಿನ ವೋಲ್ಟೇಜೂ ದುಪ್ಪಟ್ಟಾಗಿ ಕಿಡಿ ಹೆಚ್ಚುತ್ತದೆ. ಟ್ರಾನ್ಸ್‌ಫಾರ್ಮರಿನ ಭಾರ ಹೊರುವುದೇ ಮೇಲು.

ಕಾರ್ಬನ್ ಬ್ರಶ್ಶಿಗೆ ಮೂಲದ ಅಳತೆ ಸಿಗದು. ದಪ್ಪ, ಅಗಲ, ಉದ್ದ ಮೂರನ್ನೂ ವರ್ನಿಯರಿನಲ್ಲಿ ಅಳೆದು, ತುಸು ದೊಡ್ಡದನ್ನು ಕೊಂಡು ಗಾಜಿನ ಮೇಲೆ 220 ನಂಬರ್ ಪೇಪರ್ ಹಾಸಿ ಉಜ್ಜಿ. ಹೋಲ್ಡರಿನಲ್ಲಿ ಸಲೀಸಾಗಿ ಜಾರಬೇಕು, ಅಲ್ಲಾಡಬಾರದು, 0.1 ಮಿ.ಮೀ. ಸಡಿಲ ಸಾಕು. ಬಂದರಿನ ಗಲ್ಲಿಗಳಲ್ಲಿ ಗಾಡಿಯ ಸ್ಟಾರ್ಟರ್ ಬ್ರಶ್ ತೋರಿಸಿ "ಇದೂ ಆಗುತ್ತದೆ" ಎಂದರೆ ಒಪ್ಪಬೇಡಿ. ಅದರಲ್ಲಿ ತಾಮ್ರ ಜಾಸ್ತಿ, ಕಮ್ಯುಟೇಟರನ್ನು ಕೊರೆದುಬಿಡುತ್ತದೆ. ಗ್ರೈಂಡರ್, ಡ್ರಿಲ್ಲಿನ ಬ್ರಶ್ ತೆಗೆದುಕೊಳ್ಳಿ. ಕಮ್ಯುಟೇಟರಿನಲ್ಲಿ ಒಂದೆರಡು ಪಟ್ಟಿ ಮಾತ್ರ ಕರಿಯಾಗಿದ್ದರೆ ದೋಷ ಬ್ರಶ್ಶಿನದಲ್ಲ, ಒಳಗೆ ಸುತ್ತು ಕಡಿದಿದೆ.

ಬೇರಿಂಗ್ ಸುಲಭ, ಅಲ್ಲೇ ಜನ ತಪ್ಪುವುದೂ ಹೆಚ್ಚು. ಹಳೆಯದರ ಒಳವ್ಯಾಸ, ಹೊರವ್ಯಾಸ, ಅಗಲ ಅಳೆಯಿರಿ: 8-22-7 ಬಂದರೆ 608, 10-30-9 ಬಂದರೆ 6200, 12-32-10 ಬಂದರೆ 6201. ಫೋಮಿನ ಹುಡಿ ಹಿಟ್ಟಿನಂತೆ ಎಲ್ಲಿಗೂ ನುಗ್ಗುವುದರಿಂದ ಅಂಗಡಿಯವರು ರಬ್ಬರ್ ಮುಚ್ಚಿದ 2ಆರ್‌ಎಸ್ ಕೊಡುತ್ತಾರೆ. ಅದರ ರಬ್ಬರ್ ಒಳಗಿನ ಉಂಗುರಕ್ಕೆ ಉಜ್ಜುತ್ತದೆ. 6201ರಲ್ಲಿ ಅದು ತಾಳುವುದು ನಿಮಿಷಕ್ಕೆ ಸುಮಾರು 15,000 ಸುತ್ತು. ಪ್ಲೇನರಿನ ಡ್ರಮ್ ಅಷ್ಟು ತಿರುಗಬಹುದು, ಮೋಟಾರ್ ಅದಕ್ಕೂ ಮೀರಬಹುದು. ಬಿಸಿಯಾಗಿ ಗ್ರೀಸ್ ಕರಗಿ ಕಮ್ಯುಟೇಟರಿಗೆ ಸಿಡಿಯುತ್ತದೆ. ರಬ್ಬರ್ ಇದ್ದೂ ಉಜ್ಜದ ಜಾತಿ ಕೇಳಿ: ಎನ್‌ಎಸ್‌ಕೆಯಲ್ಲಿ ವಿವಿ, ಎನ್‌ಟಿಎನ್‌ನಲ್ಲಿ ಎಲ್‌ಎಲ್‌ಬಿ. ಕೀಳಲು ಪುಲ್ಲರ್ ಬಳಸಿ, ಸುತ್ತಿಗೆ ಬೇಡ. ಹೊಸದು ಬೇರಿಂಗ್ ಕೂರುವ ಗೂಡಿನೊಳಗೆ ಕೈಯಿಂದಲೇ ಬಿದ್ದುಹೋದರೆ ಗೂಡು ಸವೆದಿದೆ ಎಂದರ್ಥ. ಬೈಕಂಪಾಡಿಯ ಲೇತಿನಲ್ಲಿ ಬೋರ್ ಮಾಡಿಸಿ ಉಂಗುರ ಕೂರಿಸಬೇಕು. ಅಂಟು ಹಾಕಿದರೆ ಒಂದು ಮಳೆಗಾಲವೂ ಬಾರದು.

ಹಲ್ಲಿನ ಬೆಲ್ಟ್ ಇರುವ ಪ್ಲೇನರಾದರೆ ಹಲ್ಲು ಎಣಿಸಿ, ಉದ್ದವನ್ನು ಹಲ್ಲಿನ ಸಂಖ್ಯೆಯಿಂದ ಭಾಗಿಸಿ. 5.08 ಮಿ.ಮೀ. ಬಂದರೆ ಇಂಚಿನ ಎಕ್ಸ್‌ಎಲ್, 5 ಬಂದರೆ ಮೆಟ್ರಿಕ್ ಟಿ5. ನೋಟಕ್ಕೆ ಎರಡೂ ಒಂದೇ, 50 ಹಲ್ಲಿಗೆ 4 ಮಿ.ಮೀ. ವ್ಯತ್ಯಾಸ. ತಪ್ಪು ಹಾಕಿದರೆ ಹಲ್ಲು ಬೋಳಾಗುತ್ತದೆ.

ಬ್ಲೇಡಿನ ವಿಷಯದಲ್ಲಿ ಸ್ಕಿಲ್‌ಗೆ ಕಡಿಮೆ ಅಂಕ. ಅಂಗಡಿಯ 82 ಮಿ.ಮೀ. ಕಾರ್ಬೈಡ್ ಬ್ಲೇಡು ಇದಕ್ಕಲ್ಲ. ಹಳೆಯದನ್ನು ಮಾದರಿ ಕೊಟ್ಟು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಪಟ್ಟಿಯಿಂದ ಜೋಡಿಯಾಗಿ ಗ್ರೈಂಡ್ ಮಾಡಿಸಬೇಕು, ಸ್ಕ್ರೂ ಸಮೇತ ಎರಡನ್ನೂ ಚಿನ್ನದ ತಕ್ಕಡಿಯಲ್ಲಿ ತೂಗಿ ಸಮ ಮಾಡಬೇಕು. 25 ಮಿ.ಮೀ. ತ್ರಿಜ್ಯದಲ್ಲಿ 15,000 ಸುತ್ತಿಗೆ ಅರ್ಧ ಗ್ರಾಂ ವ್ಯತ್ಯಾಸ ಸುಮಾರು 3 ಕಿಲೋ ಬಲದಿಂದ ಬೇರಿಂಗನ್ನು ಗುದ್ದುತ್ತದೆ. ಕೂರಿಸುವಾಗ ಪ್ಲಗ್ ತೆಗೆದಿಟ್ಟು, ಹಿಂದಿನ ಶೂ ಮೇಲೆ ಉಕ್ಕಿನ ಸ್ಕೇಲ್ ಇಟ್ಟು ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ: ಬ್ಲೇಡಿನ ಬಾಯಿ ಸ್ಕೇಲನ್ನು ಸವರಬೇಕು, ಎತ್ತಬಾರದು. ಎತ್ತಿದರೆ ಫೋಮಿನ ಕೊನೆಯಲ್ಲಿ ಗುಳಿ ಬೀಳುತ್ತದೆ. ಸವರದಿದ್ದರೆ ಹಿಂದಿನ ಶೂ ಫೋಮನ್ನು ಏರಿ ಯಂತ್ರ ಕೀಸುವುದನ್ನೇ ನಿಲ್ಲಿಸುತ್ತದೆ. ಬ್ಲ್ಯಾಂಕಿನ ನಡುವಿನ ಮರದ ಪಟ್ಟಿಯ ಮೇಲೆ ಆಳ ಇಳಿಸಿಯೇ ಹೋಗಿ. ಬ್ಲೇಡು ಹಲ್ಲು ಬೀಳುವುದು ಅಲ್ಲೇ.

ಮೂಲ್ಕಿ, ಸಸಿಹಿತ್ಲು, ಮಲ್ಪೆ ಕಡೆ ಮೊದಲ ಬೋರ್ಡಿಗೆ ಕೈ ಹಾಕುವವರಿಗೆ ಸ್ಕಿಲ್ ಬೇಡ. ಹಳೆಯ ಹಿಟಾಚಿ ಪಿ20 ಜಾತಿಯದು ಸಾಕು. ಅಮೆರಿಕದ ಕ್ಲಾರ್ಕ್ ಫೋಮ್ 2005ರಲ್ಲಿ ಮುಚ್ಚುವ ಮೊದಲು ಹಿಟಾಚಿಯನ್ನೇ ಮಾರ್ಪಡಿಸಿ ಬೋರ್ಡ್ ಕೀಸುವವರಿಗೆ ಮಾರುತ್ತಿತ್ತು. 230 ವೋಲ್ಟಿನದೇ ಸಿಗುತ್ತದೆ, 82 ಮಿ.ಮೀ. ಬ್ಲೇಡು ಕೂರುತ್ತದೆ. ಬಿಡಿಭಾಗ ಕೇಳುವಾಗ ಹೈಕೋಕಿ ಎನ್ನಿ, 2018ರಿಂದ ಅದೇ ಹೆಸರು. ಆಳದ ತಡೆ ಸರಿಸಿ 3 ಮಿ.ಮೀ. ಮಾಡಿಸುವವರು ಡ್ರಮ್ಮು ಶೂವಿಗೆ ತಾಗುತ್ತದೋ ಎಂದು ಮೊದಲು ಕೈಯಲ್ಲಿ ತಿರುಗಿಸಿ ನೋಡಿ.

ಯಾವುದೇ ಇರಲಿ, ಪ್ರತಿದಿನದ ಕೆಲಸ ಮುಗಿದ ಕೂಡಲೇ 2-3 ಬಾರ್ ಗಾಳಿಯಲ್ಲಿ ಮೋಟಾರಿನ ಹುಡಿ ಊದಿ ತೆಗೆಯಿರಿ. ಉಪ್ಪು ಗಾಳಿಗೆ ತೇವಗೊಂಡ ಹುಡಿ ವೈಂಡಿಂಗಿಗೆ ಅಂಟಿದರೆ ಮತ್ತೆ ಏಳದು. ಜೂನ್ ಬರುವ ಮೊದಲು ಬ್ಲೇಡು ಬಿಚ್ಚಿ ಎಣ್ಣೆ ಸವರಿ, ಬ್ರಶ್ ಹೊರಗೆ ತೆಗೆದು, ಯಂತ್ರವನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ಕಮ್ಯುಟೇಟರಿಗೆ ಮಾತ್ರ ಎಣ್ಣೆ ಸೋಕಿಸಬೇಡಿ.