ಲೇಖನಕ್ಕೋ, ಪ್ರಬಂಧಕ್ಕೋ: ಗ್ರಂಥಾಲಯ ವಿಜ್ಞಾನದ ನಾಲ್ಕು ಪ್ರಶಸ್ತಿಗಳು

ಅಮೆರಿಕನ್ ಲೈಬ್ರರಿ ಅಸೋಸಿಯೇಷನ್‌ನ ಸಂಶೋಧನಾ ಬಳಗ ಗ್ರಂಥಾಲಯ ವಿಜ್ಞಾನಿ ಜೆಸ್ಸಿ ಶೇರಾ ಹೆಸರಿನಲ್ಲಿ ಎರಡು ಪ್ರಶಸ್ತಿ ಇಟ್ಟಿದೆ. ಗೊಂದಲ ಶುರುವಾಗುವುದೇ ಇಲ್ಲಿ. ಒಂದು ಈಗಾಗಲೇ ಪ್ರಕಟವಾದ ಸಂಶೋಧನಾ ಲೇಖನಕ್ಕೆ, ಇನ್ನೊಂದು ಇನ್ನೂ ನಡೆಯುತ್ತಿರುವ ಪಿಎಚ್‌.ಡಿ. ಸಂಶೋಧನೆಗೆ. ಎರಡನೆಯದರಲ್ಲಿ ಫಲಿತಾಂಶ ಕೈಯಲ್ಲಿರಬೇಕಿಲ್ಲ, ತೂಕ ವಿಧಾನಕ್ಕೆ. ಹಾಗಾಗಿ ಮಾದರಿ ಆಯ್ಕೆ ಹೇಗೆ, ದತ್ತಾಂಶ ವಿಶ್ಲೇಷಣೆ ಹೇಗೆ ಎಂಬುದನ್ನು ಬಿಡಿಸಿ ಬರೆಯಿರಿ. ವಿಷಯದ ಮಹತ್ವವನ್ನೇ ಪುಟಗಟ್ಟಲೆ ಹೊಗಳಿ, ವಿಧಾನವನ್ನು ಒಂದು ಪ್ಯಾರಾದಲ್ಲಿ ಮುಗಿಸುವ ಅರ್ಜಿ ಸೋಲುವುದು ಅಲ್ಲೇ.

ಪ್ರಬಂಧ ಮುಗಿದಿದೆಯೇ? ಹಾಗಿದ್ದರೆ ಅಲೈಸ್ (ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ಶಿಕ್ಷಣದ ಸಂಘ) ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ ಹೆಸರಿನಲ್ಲಿ ನಡೆಸುವ ಡಾಕ್ಟರೇಟ್ ಪ್ರಬಂಧ ಸ್ಪರ್ಧೆ ನೋಡಿ.

ಗ್ರಂಥಾಲಯದಲ್ಲಿ ಬೋಧನೆ ಕುರಿತ ಪ್ರಕಟಣೆಯಾದರೆ ಎಸಿಆರ್‌ಎಲ್‌ನ (ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘ) ಐಲೀನ್ ರಾಕ್‌ಮನ್ ಪ್ರಶಸ್ತಿಯೇ ಹೆಚ್ಚು ಹೊಂದುತ್ತದೆ. ವ್ಯಾಪ್ತಿ ಕಿರಿದು, ಆದರೆ ತೀರ್ಪುಗಾರರು ಅದೇ ಕ್ಷೇತ್ರದವರು.

ಪ್ರಕಟಿತ ಕೃತಿ ಕಳಿಸುವವರು ಮೊದಲು ದಿನಾಂಕ ನೋಡಲಿ. ಲೇಖನ ಆನ್‌ಲೈನ್‌ನಲ್ಲಿ ಡಿಸೆಂಬರ್‌ಗೆ, ಸಂಚಿಕೆಯಲ್ಲಿ ಮಾರ್ಚ್‌ಗೆ ಬಂದಿದ್ದರೆ ಯಾವ ವರ್ಷ ಲೆಕ್ಕಕ್ಕೆ ಬರುತ್ತದೆಂದು ಸಮಿತಿಯನ್ನೇ ಕೇಳಿ. ಅರ್ಹತೆ ತಪ್ಪಿದರೆ ಗುಣಮಟ್ಟವನ್ನು ಯಾರೂ ಓದುವುದಿಲ್ಲ. ಸಹಲೇಖಕರ ಒಪ್ಪಿಗೆಯನ್ನೂ ಮೊದಲೇ ಪಡೆದಿಡಿ.